ಗವಿಯಜ್ಜಿ ಕೂಗಿದರೆ ಹತ್ತಿ ಬರುವವರು

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಹಳೆಯ ಕಟ್ಟಡವೊಂದರ ಮೊದಲ ಮಹಡಿಯ ಮನೆಯಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಬಟ್ಟೆಯ ಬೀರು ತೆರೆದು, ಮಡಿಸಿಟ್ಟ ಕಂಬಳಿಗಳ ನಡುವೆ ಮುಖ ತೂರಿಸಿ ನಿಂತಿದ್ದಾರೆ. ಬಲಗೈಯಲ್ಲಿ ಊರುಗೋಲು, ಎಡಗೈ ಹೊಟ್ಟೆಯ ಮೇಲೆ. ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಳ್ಳುತ್ತಾರೆ. ಆಮೇಲೆ ಕೂಗುತ್ತಾರೆ.

ಮೊದಲ ಸಲ ಕೇಳಿದವರ ಎದೆ ಝಲ್ಲೆನ್ನಬೇಕು, ಅಂಥ ಕೂಗು. ಮುನ್ನೂರು ವರ್ಷ ಬದುಕಿದ ಮುದುಕಿಯೊಬ್ಬಳು ಬಾವಿಯ ತಳದಿಂದ ಕೂಗಿದ ಹಾಗೆ ಗೊಗ್ಗರಾಗಿ ಹುಟ್ಟಿ, ಮೇಲೇರುತ್ತ ಏರುತ್ತ ಸೀಳಿಕೊಳ್ಳುತ್ತದೆ. ಈಗೀಗ ಮಾತ್ರ ಅದು ತುದಿ ಮುಟ್ಟುವುದಿಲ್ಲ, ಅರ್ಧಕ್ಕೇ ನಿಂತುಬಿಡುತ್ತದೆ. ಕೂಗಿದವರು ಬೀರುವಿನಿಂದ ಮುಖ ಈಚೆ ತೆಗೆದು, ಮೈಯೆಲ್ಲ ಕಿವಿಯಾಗಿ ಬಾಗಿಲ ಕಡೆ ತಿರುಗುತ್ತಾರೆ.

ಕೆಳಗಡೆ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಇಪ್ಪತ್ತೆರಡು ಮೆಟ್ಟಿಲು. ಬಾಗಿಲ ಮೇಲೆ ಎರಡು ಬಡಿತ. ಇವರು ಊರುಗೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟುತ್ತಾರೆ. ಹೆಜ್ಜೆ ಇಳಿದು ಹೋಗುತ್ತದೆ, ಯಂತ್ರ ಮತ್ತೆ ಶುರುವಾಗುತ್ತದೆ. ಆರೂಕಾಲರೊಳಗೆ ಹೀಗೆ ಆರು ಸಲ ನಡೆಯುತ್ತದೆ.

ಬೀದಿಯವರಿಗೆಲ್ಲ ಇವರು ಅಕ್ಕ. ನಿಮ್ಮ ಮನೆಯ ಮಕ್ಕಳಿಗೆ ಮಾತ್ರ ಗವಿಯಜ್ಜಿ. ಒಂಬತ್ತು ವರ್ಷದಿಂದ ಟೀವಿಯಲ್ಲಿ ಬರುತ್ತಿರುವ ಮಾಯಾಲೋಕದ ಕಾರ್ಟೂನ್ ಸರಣಿಯಲ್ಲಿ, ಬೆಟ್ಟದ ಗವಿಯಿಂದ ಹೊಗೆಯಂತೆ ಹೊರಬರುವ ಕಣ್ಣಿಲ್ಲದ ಮುದುಕಿ ಇದ್ದಾಳಲ್ಲ, ಅವಳ ದನಿ ಇವರದು. ಮಕ್ಕಳು ಸೋಫಾದ ಹಿಂದೆ ಅಡಗಿಕೊಂಡು, ಬೆರಳಸಂದಿಯಿಂದ ನೋಡುವುದು ಅವಳನ್ನೇ.

ಆ ಸರಣಿಗೆ ದನಿ ಕೊಡುವವರ ಕಥೆಯೇ ಒಂದು ಮಾಯಾಲೋಕ. ಹನ್ನೆರಡು ವರ್ಷದ ರಾಜಕುಮಾರನಿಗೆ ದನಿಯಾಗಿರುವವರು ನಲವತ್ತು ದಾಟಿದ, ಎರಡು ಮಕ್ಕಳ ತಾಯಿ. ಬೆಂಕಿ ಉಗುಳುವ ಘಟಸರ್ಪ ಯಾರೆಂದರೆ ಇಲಿ ಕಂಡರೆ ಕುರ್ಚಿ ಹತ್ತಿ ನಿಲ್ಲುವ ಒಬ್ಬ ಗುಮಾಸ್ತರು. ಎರಡು ತಲೆಯ ಹಕ್ಕಿಗೆ ಗಂಡ ಹೆಂಡತಿ ದನಿ ಕೊಡುತ್ತಾರೆ. ಮನೆಯಲ್ಲಿ ಅವರಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಯಿತಂತೆ. ಒಂದೇ ಮೈಕಿನ ಮುಂದೆ ನಿಂತು ಹಕ್ಕಿಯ ಜಗಳವನ್ನು ಮನಸಾರೆ ಆಡಿ ಮುಗಿಸಿ, ಬೇರೆ ಬೇರೆ ಬಸ್ಸು ಹತ್ತುತ್ತಾರೆ. ಇವರೆಲ್ಲರ ಹೆಸರು ಕೊನೆಯಲ್ಲಿ ಬರುತ್ತದೆ, ಓದುವಷ್ಟರಲ್ಲಿ ಜಾಹೀರಾತು ಶುರುವಾಗಿರುತ್ತದೆ.

ಅಕ್ಕನ ದನಿ ಹುಟ್ಟಿನಿಂದಲೇ ಒಡಕು. ಶಾಲೆಯಲ್ಲಿ ಕಪ್ಪೆ ಅಂತ ಕರೆಯುತ್ತಿದ್ದರು. ದೊಡ್ಡವರಾದ ಮೇಲೆ ಆಸ್ಪತ್ರೆಯೊಂದರ ವಿಚಾರಣೆಯ ಕಿಟಕಿಯಲ್ಲಿ ಕೂತು ಹದಿನಾಲ್ಕು ವರ್ಷ ಫೋನೆತ್ತಿದರು. ಒಂದು ದಿನ ಯಾರದೋ ವಾರ್ಡಿನ ಸಂಖ್ಯೆ ಕೇಳಲು ಫೋನ್ ಮಾಡಿದಾತ, ಸಂಖ್ಯೆ ಹೇಳಿದ ಮೇಲೂ ಫೋನ್ ಇಡಲಿಲ್ಲ. ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ ಹೇಳಿ ಎಂದು ಮೂರು ಸಲ ಹೇಳಿಸಿದ. ಕಿವುಡನಿರಬೇಕು ಅಂದುಕೊಂಡರು ಅಕ್ಕ. ಆತ ಸರಣಿಯ ನಿರ್ದೇಶಕ. ಮುಂದಿನ ವಾರವೇ ಅಕ್ಕ ಮೈಕಿನ ಮುಂದೆ ನಿಂತಿದ್ದರು.

ಇಲ್ಲಿಯವರೆಗೆ ನೂರ ನಲವತ್ತಮೂರು ಕಂತು, ಸಾವಿರದ ನೂರು ಚಿಲ್ಲರೆ ಕೂಗು. ಒಂದು ಕೂಗು ನಾಲ್ಕು ಸೆಕೆಂಡಿಗಿಂತ ಉದ್ದ ಹೋಗಬಾರದು, ಎರಡು ಕೂಗಿನ ನಡುವೆ ನಾಲ್ಕು ಗುಟುಕು ಬಿಸಿನೀರು ಕುಡಿಯಬೇಕು. ಎದ್ದ ಕೂಡಲೇ ಗಂಟಲು ಪಳಗಬೇಕೆಂದು ಮುಂಜಾನೆಯೇ ಅಭ್ಯಾಸ. ಹೊಸದರಲ್ಲಿ ಪಕ್ಕದ ಮನೆಯವರು ಗಾಬರಿಯಾಗಿ ಪೊಲೀಸರನ್ನೇ ಕರೆಸಿದ್ದರು. ಆಮೇಲೆ ಎಲ್ಲರಿಗೂ ರೂಢಿಯಾಯಿತು. ಆ ರೂಢಿಯೇ ಮುಂದೆ ಜೀವಕ್ಕೆ ಸಂಚಕಾರ ತರಲಿತ್ತು ಎಂದು ಆಗ ಯಾರಿಗೆ ಗೊತ್ತು?

ಹನ್ನೊಂದು ತಿಂಗಳ ಹಿಂದಿನ ಮಾತು. ಬೆಳಿಗ್ಗೆ ಹತ್ತು ಗಂಟೆ. ಜೊತೆಯಲ್ಲಿರುವ ತಮ್ಮ ಬಸ್ ಚಾಲಕ, ಆಗಲೇ ಡ್ಯೂಟಿಗೆ ಹೋಗಿದ್ದ. ಬಚ್ಚಲಲ್ಲಿ ಸೋಪಿನ ನೀರಿನ ಮೇಲೆ ಕಾಲಿಟ್ಟ ಅಕ್ಕ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಅದು ಕಣ್ಣೆದುರಿಗೇ ಇತ್ತು, ಕೈಗೆ ಎಟುಕುತ್ತಿರಲಿಲ್ಲ. ಮೇಲಿನ ಸಣ್ಣ ಕಿಟಕಿ ತೆರೆಯುವುದು ಕೆಳಗಿನ ಟೈಲರ್ ಅಂಗಡಿಯ ಹಿತ್ತಲ ಕಡೆಗೆ. ಕೂಗಿದರೆ ಕೇಳಿಸಲೇಬೇಕು.

"ಕೂಗೋಣ ಅಂತ ಬಾಯಿ ತೆಗೆದೆ," ಎನ್ನುತ್ತಾರೆ ಅಕ್ಕ. "ಅಜ್ಜಿ ದನಿ ಬಂತು. ಅಷ್ಟು ವರ್ಷ ಅದನ್ನೇ ಕೂಗಿದ್ದೀನಲ್ಲ, ಗಂಟಲಿಗೆ ಬೇರೆ ದಾರಿ ಮರೆತೇ ಹೋಗಿತ್ತು. ನಾನು ಸಾಯ್ತಾ ಇದ್ದೀನಿ, ಕೂಗ್ತಾ ಇರೋಳು ಅವಳು."

ಕೆಳಗೆ ಎಲ್ಲರಿಗೂ ಕೇಳಿಸಿತು. ಅದೇ ಭಯ ಹುಟ್ಟಿಸುವ ಸಂಗತಿ. ಟೈಲರಮ್ಮನ ಅಂಗಡಿಗೆ ಅಳತೆ ಕೊಡಲು ಬಂದಿದ್ದ ಹೆಂಗಸರು ನಿಂತು ಆಲಿಸಿದರು. ಹೊಸ ಕಂತು ಬರುತ್ತಿರಬೇಕು, ಈ ಸಲ ತುಂಬಾ ಚೆನ್ನಾಗಿದೆ ಎಂದು ಮಾತಾಡಿಕೊಂಡರು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಪ್ರತಿ ಕೂಗಿಗೂ ಚಪ್ಪಾಳೆ ತಟ್ಟಿದರು. ಮೇಲೆ, ತಣ್ಣಗಿನ ನೆಲದ ಮೇಲೆ ಬಿದ್ದಿದ್ದ ಅಕ್ಕನಿಗೆ ಆ ಚಪ್ಪಾಳೆ ಕೇಳಿಸುತ್ತಿತ್ತು.

ಎರಡು ಗಂಟೆ ಹೊತ್ತು ಹೀಗೇ ಕಳೆಯಿತು. ಕೊನೆಗೆ ಗಂಟಲು ಸೋತಿತು, ಕೂಗು ನಿಂತಿತು. ನಿಂತ ಮೇಲೆ ಅಕ್ಕನಿಗೇ ಗೊತ್ತಿಲ್ಲದ ಒಂದು ಸಣ್ಣ ದನಿ ಬಾಯಿಂದ ಬಂತು. ಯಾರಾದ್ರೂ ಇದ್ದೀರಾ, ಬಾಗ್ಲು ತೆಗೀರಿ ಎಂದಿತು ಅದು. ಟೈಲರಮ್ಮ ಯಂತ್ರ ತುಳಿಯುವುದನ್ನು ನಿಲ್ಲಿಸಿದ್ದು ಆಗ.

"ಅಷ್ಟು ಹೊತ್ತು ಅಜ್ಜಿ ಕೂಗ್ತಿದ್ಲು, ನನಗೇನೂ ಅನ್ನಿಸ್ಲಿಲ್ಲ," ಎನ್ನುವಾಗ ಟೈಲರಮ್ಮನ ಕಣ್ಣು ನೆಲ ನೋಡುತ್ತದೆ. "ಆಮೇಲೆ ಯಾರೋ ಗುರುತಿಲ್ಲದೋರು ಮೆತ್ತಗೆ ಮಾತಾಡಿದ ಹಾಗಾಯ್ತು. ಅಕ್ಕನ ಮನೇಲಿ ಇದ್ಯಾರಪ್ಪ ಅಂತ ಕತ್ತರಿ ಹಿಡ್ಕೊಂಡು ಹತ್ತಿದೆ. ಜನ ಸೇರಿ ಬಾಗ್ಲು ಮೀಟಿ ಅಕ್ಕನ್ನ ಆಚೆ ತಂದ್ವಿ."

ಅಂದಿನಿಂದ ಟೈಲರಮ್ಮ ಪ್ರತಿ ಕೂಗಿಗೂ ಹತ್ತಿ ಬರುತ್ತಾರೆ. ಅಭ್ಯಾಸವೆಂದು ಗೊತ್ತಿದ್ದರೂ ಬರುತ್ತಾರೆ. ಬೇಡ ಎಂದರೆ ಕೇಳುವುದಿಲ್ಲ. ತಮ್ಮನೂ ಬಚ್ಚಲ ಚಿಲಕವನ್ನು ಕಿತ್ತೆಸೆದಿದ್ದಾನೆ. ಯಾರಾದರೂ ಒಳಗಿದ್ದರೆ ಬಾಗಿಲಿಗೆ ಟವೆಲ್ ನೇತುಹಾಕುವುದು ಈಗ ಆ ಮನೆಯ ಪದ್ಧತಿ. ಬಸ್ಸು ಕೊನೆಯ ನಿಲ್ದಾಣ ಮುಟ್ಟಿದಾಗೆಲ್ಲ ಫೋನ್ ಮಾಡುತ್ತಾನೆ. ಅಕ್ಕ ಎರಡನೇ ರಿಂಗಿಗೆ ಎತ್ತದಿದ್ದರೆ ಅವನ ಜೀವ ಬಾಯಿಗೆ ಬರುತ್ತದೆ.

ಮೂಳೆ ಕೂಡಿತು, ಕೂಗು ಕೂಡಲಿಲ್ಲ. ಬಾಯಿ ತೆರೆದರೆ ಸಾಕು, ಅಕ್ಕನ ಕಿವಿಗೆ ಮಕ್ಕಳ ಚಪ್ಪಾಳೆ ಕೇಳಿಸುತ್ತದೆ. ಕೂಗು ಅರ್ಧದಲ್ಲೇ ಹೆದರಿ ಕೂತುಬಿಡುತ್ತದೆ. ಇಷ್ಟು ದಿನ ಸ್ಟುಡಿಯೋದವರು ಹಳೆಯ ಕಂತುಗಳ ಕೂಗನ್ನೇ ಹೆಕ್ಕಿ ಅಂಟಿಸಿಕೊಂಡು ಹೇಗೋ ಸಾಗಿಸಿದರು. ಇಂದು ಹಾಗೆ ನಡೆಯದು. ಇಂದು ಸ್ಟುಡಿಯೋದಲ್ಲಿ ಸರಣಿಯ ಕೊನೆಯ ಕಂತಿಗೆ ದನಿ ಕೊಡಬೇಕು. ಗವಿ ಕುಸಿಯುತ್ತದೆ, ಅಜ್ಜಿ ಬಂಡೆಗಳ ಕೆಳಗೆ ಸಿಕ್ಕಿಕೊಳ್ಳುತ್ತಾಳೆ, ಮೊದಲ ಬಾರಿಗೆ ಬೇರೆಯವರನ್ನು ಹೆದರಿಸಲು ಅಲ್ಲದೆ, ತಾನೇ ಹೆದರಿ ಕೂಗುತ್ತಾಳೆ. ಯಾರಾದರೂ ಇದ್ದೀರಾ ಎಂದು ಕರೆಯುತ್ತಾಳೆ. ಸಂಭಾಷಣೆಯ ಹಾಳೆ ಓದಿದ ದಿನ ಅಕ್ಕ ಊಟ ಮಾಡಲಿಲ್ಲವಂತೆ. ಬರೆದವರಿಗೆ ಇವರ ಬಚ್ಚಲಿನ ಕಥೆ ಗೊತ್ತೇ ಇರಲಿಲ್ಲ.

ನಿರ್ದೇಶಕರು ಒರಟರಲ್ಲ, ಆದರೂ ಮುಖಕ್ಕೇ ಹೇಳಿದ್ದಾರೆ. ಮಧ್ಯಾಹ್ನದೊಳಗೆ ಆಗದಿದ್ದರೆ ಬೇರೆಯವರಿಂದ ಮಾಡಿಸುತ್ತೇವೆ. ಆ ಬೇರೆಯವರು ಆಗಲೇ ಬಂದು, ಮಡಿಲಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಹೊರಗಿನ ಸೋಫಾದಲ್ಲಿ ಕೂತಿದ್ದಾರೆ. ಒಂಬತ್ತು ವರ್ಷ ಸಾಕಿದ ಅಜ್ಜಿ ಕೊನೆಯುಸಿರನ್ನು ಇನ್ನೊಬ್ಬರ ಬಾಯಲ್ಲಿ ಬಿಡುವುದು ಅಕ್ಕನಿಗೆ ಬೇಡವಾಗಿದೆ.

ದನಿ ಮುದ್ರಿಸುವ ಕೋಣೆಗೆ ಕಿಟಕಿಯಿಲ್ಲ. ಗೋಡೆಯ ತುಂಬ ಸ್ಪಂಜು. ಒಂದು ಕಡೆ ದಪ್ಪ ಗಾಜು, ಅದರಾಚೆ ಹೆಡ್‌ಫೋನ್ ಹಾಕಿಕೊಂಡ ರೆಕಾರ್ಡಿಸ್ಟ್, ನಿರ್ದೇಶಕ. ಅಂಗೈ ದಪ್ಪದ ಬಾಗಿಲು ಮುಚ್ಚಿ ಹಿಡಿ ತಿರುಗಿಸಿದಾಗ ಕಟಕ್ ಎನ್ನುತ್ತದೆ. ಆ ಕಟಕ್‌ಗೆ ಅಕ್ಕನ ಭುಜ ಅದುರುತ್ತದೆ. ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿತೆಂದರೆ ಏನೇ ಆದರೂ ಯಾರೂ ಬಾಗಿಲು ತೆರೆಯುವಂತಿಲ್ಲ. ಈ ನಿಯಮ ಮಾಡಿದವರು ರೆಕಾರ್ಡಿಸ್ಟರೇ. ಒಮ್ಮೆ ಸ್ವಂತ ಮಾವನನ್ನೇ ಅರ್ಧ ಗಂಟೆ ಹೊರಗೆ ನಿಲ್ಲಿಸಿದ ಭೂಪ ಆತ.

ಮೊದಲ ಸಲ ಕೂಗು ಅರ್ಧಕ್ಕೆ ನಿಲ್ಲುತ್ತದೆ. ಎರಡನೆಯದೂ ಹಾಗೇ. ಮೂರು, ನಾಲ್ಕು. ಐದನೆಯ ಸಲ ಕೆಮ್ಮು. ಏಳನೆಯದಾದ ಮೇಲೆ ಗಾಜಿನಾಚೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಿರ್ದೇಶಕ ಗಡಿಯಾರ ನೋಡಿ, ನೋಡಲಿಲ್ಲವೆಂಬಂತೆ ಹಾಳೆ ತಿರುವುತ್ತಾರೆ. ಗಂಟೆ ಹನ್ನೊಂದೂ ನಲವತ್ತು.

ಆಗ ಅಕ್ಕ ಮೈಕನ್ನು ಕೆಳಗಿಳಿಸಲು ಕೇಳುತ್ತಾರೆ, ನೆಲದ ಮಟ್ಟಕ್ಕೆ. ಸ್ಟೂಲು ಸರಿಸಿ, ಗೋಡೆ ಹಿಡಿದು, ಕೂಡಿದ ಮೂಳೆಯನ್ನು ಜೋಪಾನ ಮಾಡುತ್ತ, ನೆಲದ ಮೇಲೆ ಬಿದ್ದಂತೆ ಮಲಗುತ್ತಾರೆ. ಕೆನ್ನೆ ನೆಲಕ್ಕೆ ತಾಗುತ್ತದೆ. ನೆಲ ತಣ್ಣಗಿದೆ. ಹನ್ನೊಂದು ತಿಂಗಳು ಯಾವುದಕ್ಕೆ ಬೆನ್ನು ಹಾಕಿ ಓಡಿದ್ದರೋ ಅಲ್ಲಿಗೇ ತಾವಾಗಿ ಬಂದು ಮಲಗಿದ್ದಾರೆ. ಬಾಗಿಲು ಮುಚ್ಚುತ್ತದೆ, ಕಟಕ್. ಕೆಂಪು ದೀಪ ಹೊತ್ತುತ್ತದೆ. ಅಕ್ಕ ಅಜ್ಜಿಯ ದನಿಯನ್ನು ಕರೆಯುವುದಿಲ್ಲ. ಬದಲಿಗೆ ಯಾರಿಗೂ ಗುರುತಿಲ್ಲದ ಆ ಸಣ್ಣ ದನಿ ಬರುತ್ತದೆ.

"ಯಾರಾದ್ರೂ ಇದ್ದೀರಾ? ನಾನಿಲ್ಲಿದ್ದೀನಿ. ಬಾಗ್ಲು ತೆಗೀರಿ."

ಹಾಳೆಯಲ್ಲಿ ಬಾಗಿಲಿನ ಮಾತೇ ಇಲ್ಲ. ಗವಿಗೆಲ್ಲಿಯ ಬಾಗಿಲು? ಅದು ಯಾರ ತಲೆಗೂ ಹೊಳೆಯುವ ಮೊದಲೇ ರೆಕಾರ್ಡಿಸ್ಟ್ ಹೆಡ್‌ಫೋನ್ ಕಿತ್ತೆಸೆದು, ಕುರ್ಚಿ ಉರುಳಿಸಿ, ಕೆಂಪು ದೀಪದ ಕೆಳಗೇ ಬಾಗಿಲು ತೆರೆದು ಒಳಗೆ ನುಗ್ಗಿದ್ದಾರೆ. ನೆಲದ ಮೇಲಿದ್ದವರ ಪಕ್ಕ ಮಂಡಿಯೂರಿ, ಏನಾಯ್ತಕ್ಕ, ಏನಾಯ್ತು ಎನ್ನುತ್ತಿದ್ದಾರೆ. ಅಕ್ಕ ಅವರ ಕೈ ಹಿಡಿದುಕೊಂಡು ಅಳುತ್ತಾರೆ.

"ಏನೂ ಆಗಿಲ್ಲಪ್ಪ," ಎನ್ನುತ್ತಾರೆ. "ನೀನು ಬಂದ್ಯಲ್ಲ."

ಮುದ್ರಣ ಹಾಳಾಗಿತ್ತು. ಬಾಗಿಲ ಕಟಕ್, ಕುರ್ಚಿ ಉರುಳಿದ್ದು, ಎಲ್ಲ ಅದರಲ್ಲಿ ಸೇರಿಕೊಂಡಿತ್ತು. ಮತ್ತೊಮ್ಮೆ ಮಾಡಬೇಕಾಯಿತು, ಬಾಗಿಲಿನ ಮಾತು ಬಿಟ್ಟು. ಈ ಸಲ ರೆಕಾರ್ಡಿಸ್ಟ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು. ಅಕ್ಕ ಸಣ್ಣ ದನಿಯಲ್ಲಿ ಶುರುಮಾಡಿ, ಅಲ್ಲಿಂದ ಅಜ್ಜಿಯ ಕೂಗಿಗೆ ಏರಿದರು. ಅದು ತುದಿಯವರೆಗೂ ಹೋಯಿತು, ಎಲ್ಲಿಯೂ ನಿಲ್ಲಲಿಲ್ಲ. ಹೊರಗೆ ಸ್ಪೀಕರಿನಲ್ಲಿ ಕೇಳಿಸಿಕೊಂಡ ಸೋಫಾದ ಹೆಂಗಸು, ಇದು ನನ್ನ ಕೈಲಿ ಆಗುತ್ತಿರಲಿಲ್ಲ ಎಂದು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಎದ್ದರು. ಹಾಳಾದ ಮುದ್ರಣವನ್ನು ಅಕ್ಕ ಕೇಳಿ ಪಡೆದು ಸ್ವಂತ ಫೋನಿಗೆ ಹಾಕಿಸಿಕೊಂಡಿದ್ದಾರೆ.

ಭಯ ಹೋಯಿತೇ ಎಂದರೆ ನಗುತ್ತಾರೆ. "ಎಲ್ಲಿ ಹೋಗುತ್ತೆ? ಬಚ್ಚಲಿಗೆ ಹೋಗುವಾಗ ಈಗ್ಲೂ ಫೋನನ್ನ ಕುತ್ತಿಗೆಗೆ ಕಟ್ಕೊಂಡೇ ಹೋಗೋದು. ಒದ್ದೆ ನೆಲ ಕಂಡ್ರೆ ಗೋಡೆ ಹಿಡ್ಕೋತೀನಿ. ಅದು ಇರುತ್ತೆ ಬಿಡಿ, ಇರ್ಲಿ."

ಸರಣಿ ಮುಗಿಯಿತು. ಮರುದಿನ ಐದೂಮುಕ್ಕಾಲಿಗೆ ಅಕ್ಕನಿಗೆ ಅಭ್ಯಾಸಬಲದಿಂದ ಎಚ್ಚರವಾಗಿದೆ. ಇನ್ನು ಕೂಗುವ ಕೆಲಸವಿಲ್ಲ. ಬೀರುವಿನ ಬಾಗಿಲು ಮುಚ್ಚಿಯೇ ಇದೆ. ಬಿಸಿನೀರಿನ ಲೋಟ ಹಿಡಿದು ಮಂಚದ ತುದಿಯಲ್ಲಿ ಕೂತಿದ್ದಾರೆ. ಮನೆ ಎಷ್ಟು ನಿಶ್ಶಬ್ದವಾಗಿದೆಯೆಂದರೆ ಅವರಿಗೇ ಒಂಥರಾ ದಿಗಿಲು. ಆರು ಗಂಟೆಯಾಗುತ್ತದೆ. ಆರೂ ಐದು.

ಕೆಳಗೆ ಹೊಲಿಗೆ ಯಂತ್ರ ನಿಲ್ಲುತ್ತದೆ. ಮೆಟ್ಟಿಲ ಮೇಲೆ ಹೆಜ್ಜೆ, ಎಂದಿಗಿಂತ ಬಿರುಸಾಗಿ. ಬಾಗಿಲ ಮೇಲೆ ಎರಡು ಬಡಿತ. ಅಕ್ಕ ಊರುಗೋಲು ಕುಟ್ಟುವುದನ್ನು ಬಿಟ್ಟು ಎದ್ದು ಹೋಗಿ ಬಾಗಿಲು ತೆರೆಯುತ್ತಾರೆ. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಕತ್ತರಿ, ಏದುಸಿರು ಬಿಡುತ್ತ ಟೈಲರಮ್ಮ ನಿಂತಿದ್ದಾರೆ.

"ಕೂಗ್ಲಿಲ್ವಲ್ಲ ಅಕ್ಕ," ಎನ್ನುತ್ತಾರೆ. "ಭಯ ಆಯ್ತು."

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದಾಗ ಅಕ್ಕ ಆ ಇಪ್ಪತ್ತೆರಡು ಮೆಟ್ಟಿಲಿನ ಕಡೆ ನೋಡುತ್ತಾರೆ. ಟೈಲರಮ್ಮ ಮೆಟ್ಟಿಲ ಕಂಬಿ ಹಿಡಿದು ಇಳಿಯುತ್ತಿದ್ದಾರೆ. "ನನಗೆ ಇಷ್ಟು ಸಾಕು," ಎನ್ನುತ್ತಾರೆ. "ಮೊದ್ಲು ಕೂಗಿದ್ರೂ ಯಾರೂ ಬರ್ತಿರ್ಲಿಲ್ಲ. ಈಗ ಕೂಗದಿದ್ರೂ ಬರ್ತಾಳೆ."