ಬೆಡ್‌ಶೀಟಿನ ಇನ್ನೊಂದು ತುದಿ

ನನ್ನ ಸೋದರಮಾವನಿಗೆ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಉದ್ದನೆಯ ಕೋಣೆ. ಒಂದು ಗೋಡೆಗೆ ಒಗೆಯುವ ಯಂತ್ರಗಳು, ಎದುರಿನ ಗೋಡೆಗೆ ಒಣಗಿಸುವ ಯಂತ್ರಗಳು. ಆ ಸದ್ದಿನಲ್ಲಿ ಮಾತಾಡಬೇಕೆಂದರೆ ಗಂಟಲು ಹರಿದುಕೊಳ್ಳಬೇಕು, ಹಾಗಾಗಿ ಯಾರೂ ಮಾತಾಡುವುದಿಲ್ಲ. ಬಿಸಿಬಿಸಿ ಬೆಡ್‌ಶೀಟನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು, ಕೊಡವಿ, ಎಳೆದು, ಎದುರೆದುರು ನಡೆದು ಬಂದು ಅಂಚಿಗೆ ಅಂಚು ಸೇರಿಸಿ ಮಡಚುತ್ತಾರೆ. ಮಾವನ ಜೊತೆಗಾರ ಕಿವಿಗೆ ಹತ್ತಿ ತುರುಕಿಕೊಂಡ ಮನುಷ್ಯ. ಇಷ್ಟು ವರ್ಷ ಎದುರುಬದುರು ನಿಂತಿದ್ದರೂ ಅವನಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದು ಮಾವನಿಗೆ ಗೊತ್ತಿಲ್ಲ.

ಮಾವ ಸ್ವಭಾವತಃ ವಾಚಾಳಿ. ಹಗಲೆಲ್ಲ ಬಾಯಿ ಕಟ್ಟಿಕೊಂಡಿದ್ದವನು ಮನೆಗೆ ಬಂದು ಅತ್ತೆಯ ತಲೆ ತಿನ್ನುತ್ತಿದ್ದ. ಅತ್ತೆ ತೀರಿಕೊಂಡ ಮೇಲೆ ತಿನ್ನಲು ತಲೆಯೇ ಉಳಿಯಲಿಲ್ಲ. ಆಗ ಅವನಿಗೆ ಸಿಕ್ಕಿದ್ದು ಫೋನಿನಲ್ಲಿ ಹಾಡು ಹಂಚಿಕೊಳ್ಳುವವರ ಒಂದು ಗುಂಪು.

ಅಲ್ಲಿ ಯಾರೂ ಯಾರ ಮುಖವನ್ನೂ ಕಂಡವರಲ್ಲ. ಸರದಿ ಬಂದವರು ತಮಗಿಷ್ಟವಾದ ಹಾಡು ಹಾಕಬೇಕು, ಇಂಥದ್ದೇ ಆಗಬೇಕೆಂದಿಲ್ಲ. ಹಲ್ಲಿನ ಡಾಕ್ಟರೊಬ್ಬರು ಗಿಟಾರಿನ ತಂತಿ ಕಿತ್ತುಬರುವಂತೆ ಬಾರಿಸಿ ಕಿರುಚುವ ಹಾಡು ಹಾಕುತ್ತಾರೆ. ಹಲ್ಲು ಕೀಳಿಸಿಕೊಳ್ಳುವವರ ಕೂಗಿಗೂ ಅದಕ್ಕೂ ನನಗಂತೂ ವ್ಯತ್ಯಾಸ ತಿಳಿಯುವುದಿಲ್ಲ. ರಿಟೈರಾದ ಟೀಚರಮ್ಮನದು ಲಾಲಿಹಾಡು, ಗಜಲ್. ಒಬ್ಬ ಬಸ್ ಡ್ರೈವರ್‌ಗೆ ಜಾಜ್ ಹುಚ್ಚು. ಹೆಸರಿನ ಪಕ್ಕ ಕೊಡೆಯ ಚಿತ್ರ ಹಾಕಿಕೊಂಡ ಇನ್ನೊಬ್ಬರಿದ್ದಾರೆ. ಅವರು ಹಾಡೂ ಹಾಕುವುದಿಲ್ಲ, ಒಂದಕ್ಷರ ಬರೆಯುವುದೂ ಇಲ್ಲ. ಗಂಡೋ ಹೆಣ್ಣೋ ಅದೂ ತಿಳಿಯದು. ಮಾವ ಅವರನ್ನು ‘ಕೊಡೆಯವರು’ ಅನ್ನುತ್ತಿದ್ದ.

ಮಾವನ ಶ್ರದ್ಧೆ ನೋಡಬೇಕು. ಯಾರ ಹಾಡೇ ಬರಲಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಕೊನೆಯವರೆಗೂ ಕೇಳುತ್ತಾನೆ. ಕೇಳಿ, ಬರೆಯುತ್ತಾನೆ: “ಡಾಕ್ಟ್ರೇ, ಗಲಾಟೆ ಎಲ್ಲ ನಿಂತ್ಮೇಲೆ ಒಂದೇ ಒಂದು ತಂತಿ ಉಳ್ಕೊಳ್ಳುತ್ತಲ್ಲ, ಅಲ್ಲಿ ಹೊಟ್ಟೆ ಕಿವುಚಿದ ಹಾಗಾಯ್ತು.” ತನ್ನ ಸರದಿ ಬಂದಾಗ, ಹಾಡು ಹಾಕುವ ಮೊದಲು, ಅದರಲ್ಲಿ ಎಲ್ಲಿ ಕಿವಿಗೊಡಬೇಕೆಂದು ತನ್ನದೇ ದನಿಯಲ್ಲಿ ಹೇಳಿ ಕಳಿಸುತ್ತಾನೆ. ಅದಕ್ಕೆ ಬರುವ ಉತ್ತರವೆಂದರೆ ಹೆಬ್ಬೆರಳು, ಹೂವು, ಚಪ್ಪಾಳೆಯ ಚಿತ್ರಗಳು.

“ಅವ್ರು ಯಾರೂ ಕೇಳೋದೇ ಇಲ್ಲ ಮಾವ,” ಅಂದಿದ್ದೆ ಒಮ್ಮೆ.

“ನಿನಗೆ ಸಂಗೀತ ಅಂದ್ರೆ ಕಾಲಿಂಗ್ ಬೆಲ್ಲು. ಸುಮ್ನೆ ಕೂತ್ಕೋ,” ಅಂದ.

ಆ ಮಾತು ಅಲ್ಲಿಗೇ ಬಿಟ್ಟೆ. ಅವನಿಗೆ ಉಳಿದಿದ್ದ ಮಾತುಕತೆ ಅದೊಂದೇ.

ಹೋದ ಭಾನುವಾರ ಮಾವ ನನಗೆ ಫೋನ್ ಮಾಡಿ, “ಬೇಗ ಬಾರೇ, ಮರ್ಯಾದೆ ಹೋಯ್ತು,” ಅಂದ. ಓಡಿದೆ. ಮಾವ ಸ್ಟೂಲಿನ ಮೇಲೆ ಕೂತಿದ್ದ; ಫೋನಿನ ಮೇಲೆ ಟವೆಲ್ ಹೊದಿಸಿದ್ದ.

ನಡೆದದ್ದಿಷ್ಟು. ಆ ದಿನ ಅವನ ಸರದಿ. ಮೀನುಗಾರರು ಹುಟ್ಟು ಹಾಕುತ್ತಾ ಹೇಳುವ ಹಾಡೊಂದನ್ನು ಆರಿಸಿದ್ದ. ಎಂದಿನಂತೆ ಮೊದಲು ಎರಡು ಮಾತು ಹೇಳಲು ಮೈಕ್ ಒತ್ತಿದ. ಬೆರಳು ಜಾರಿ ರೆಕಾರ್ಡಿಂಗ್ ತಾನೇ ಓಡುತ್ತಾ ಉಳಿಯಿತು. ಅದು ತಿಳಿಯದೆ ಫೋನನ್ನು ಮಂಚದ ಮೇಲೆ ಹಾಕಿ, ಒಣಗಿದ ಬಟ್ಟೆ ಮಡಚಲು ಹೋದ. ಆಮೇಲೆ ಬಂದು ನೋಡಿ ಗಾಬರಿಯಾಗಿ, ಅಳಿಸಲು ಹೋಗಿ ಕಳಿಸಿಯೇಬಿಟ್ಟ. ಆರಿಸಿಟ್ಟಿದ್ದ ಹಾಡನ್ನು ಹಾಕಲೇ ಇಲ್ಲ.

“ಅಂಥದ್ದೇನಿದೆ ಅದ್ರಲ್ಲಿ?”

“ನೀನೇ ಕೇಳು.”

ಕೇಳಿದೆ. “ಎಲ್ಲರಿಗೂ ನಮಸ್ಕಾರ, ಇದರಲ್ಲಿ ಹುಟ್ಟಿನ ಸದ್ದು ಕೇಳಿ,” ಎಂದ ಮಾವನ ಹೆಜ್ಜೆ ಅಲ್ಲಿಂದ ದೂರ ಹೋಯಿತು. ಆಮೇಲೆ ಫ್ಯಾನು ತಿರುಗುವ ಸದ್ದು. ಬಟ್ಟೆ ಕೊಡವುವ ಸದ್ದು. ಮತ್ತೆ ಫ್ಯಾನು. ಒಂದು ಹಾಡು ಮುಗಿಯುವಷ್ಟು ಹೊತ್ತಾದ ಮೇಲೆ, ಕೊನೆಗೆ, ನಾನು ಎಂದೂ ಕೇಳಿರದಷ್ಟು ಮೆತ್ತಗಿನ ದನಿ: “ಆ ತುದಿ ಹಿಡ್ಕೊಳ್ಳೇ... ಗಟ್ಟಿಯಾಗಿ. ಹಾಂ, ಎಳಿ. ಈಗ ಬಾ.” ನಡೆದು ಬಂದ ಹೆಜ್ಜೆ ಒಬ್ಬನದೇ.

ವಾರಕ್ಕೊಮ್ಮೆ ಬಂದು ‘ಹೇಗಿದ್ದೀಯ’ ಅಂತ ಕೇಳುತ್ತಿದ್ದೆ, ‘ನನಗೇನೇ, ಗುಂಡುಕಲ್ಲು’ ಅನ್ನುತ್ತಿದ್ದ. ಅದನ್ನು ನಂಬಿಕೊಂಡು ಹೋಗುತ್ತಿದ್ದೆ.

“ಹೆಂಡತಿ ಹೋಗಿ ಇವನಿಗೆ ತಲೆ ಕೆಟ್ಟಿದೆ ಅಂದ್ಕೊಂಡಿರ್ತಾರೆ,” ಅಂದ ಮಾವ. “ಏನು ಬರೆದಿದ್ದಾರೋ, ನನಗಂತೂ ನೋಡೋ ಧೈರ್ಯ ಇಲ್ಲ. ನೀನೇ ಓದು.”

ಓದಿದೆ. ಡಾಕ್ಟರು: “ಸೂಪರ್ ಸಾಂಗ್!” ಟೀಚರಮ್ಮ: “ಎಂಥ ಭಾವಪೂರ್ಣ ಗಾಯನ, ಕಣ್ಣು ತುಂಬಿ ಬಂತು.” ಡ್ರೈವರ್: “ಒಳ್ಳೆ ಬೀಟ್ ಅಣ್ಣಾ.” ಉಳಿದಂತೆ ಹೆಬ್ಬೆರಳುಗಳ ಸಾಲು.

ನಗು ಉಕ್ಕಿ ಬಂತು, ಅಷ್ಟೇ ಬೇಗ ಇಂಗಿಯೂ ಹೋಯಿತು. “ಯಾರೂ ಏನೂ ಅಂದಿಲ್ಲ ಮಾವ,” ಅಂತ ತೇಲಿಸಲು ನೋಡಿದೆ. ಅವನು ಫೋನು ಕಿತ್ತುಕೊಂಡು ತಾನೇ ಓದಿದ. ಮೊದಲು ಜೀವ ಬಂದಂತೆ ಉಸಿರುಬಿಟ್ಟ. ಆಮೇಲೆ ಮುಖ ಸಣ್ಣಗಾಯಿತು.

“ನಾನು ಹಾಡೇ ಹಾಕಿಲ್ವಲ್ಲೇ,” ಅಂದ. ಹಳೆಯ ಹೆಬ್ಬೆರಳುಗಳತ್ತ ಪರದೆ ಸರಿಸುತ್ತಾ, “ಹಾಗಾದ್ರೆ ಇಷ್ಟು ದಿನ?”

ಹುಚ್ಚನೆಂದು ನಕ್ಕಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ಇದು ಅದಕ್ಕಿಂತ ದೊಡ್ಡ ಪೆಟ್ಟು. ಅವನೊಬ್ಬನೇ ಅಷ್ಟೂ ಜನರ ಹಾಡು ಕೇಳಿಕೊಂಡು ಬಂದಿದ್ದ. ನನಗೆ ಪಿತ್ತ ನೆತ್ತಿಗೇರಿತು. ಕಣ್ಣು ತುಂಬಿ ಬಂದ ಆ ಟೀಚರಮ್ಮನಿಗೆ ಸರಿಯಾಗಿ ನಾಲ್ಕು ಮಾತು ಬಿಗಿಯೋಣವೆಂದು ಫೋನು ಈಸಿಕೊಂಡು ಬರೆಯತೊಡಗಿದೆ.

“ಬೇಡ ಬಿಡು,” ಅಂದ ಮಾವ. “ಅವ್ರೇನು ಕೆಟ್ಟೋರಲ್ಲ. ಗುಂಪಿಂದ ಹೊರಗೆ ಬರೋಕೆ ಎಲ್ಲಿ ಒತ್ಬೇಕು, ತೋರ್ಸು. ಸಾಕು ನನಗೆ.”

ನಾನು ಅದನ್ನು ಹುಡುಕುತ್ತಿರುವಾಗಲೇ ಇನ್ನೊಂದು ಸಂದೇಶ ಬಂತು. ಪಕ್ಕದಲ್ಲಿ ಕೊಡೆಯ ಚಿತ್ರ.

“ಇನ್ನೊಂದು ತುದಿ ಯಾರು ಹಿಡ್ಕೊಂಡ್ರು?”

ಮಾವ ಅದನ್ನೇ ನೋಡುತ್ತಾ ಕೂತ. ಗುಂಪು ಬಿಡಿಸಲೋ ಬೇಡವೋ ತಿಳಿಯದೆ ನಾನೂ ಕೂತೆ. ಕೊನೆಗೆ ಅವನೇ ನನ್ನ ಕೈಯಿಂದ ಫೋನು ತೆಗೆದುಕೊಂಡು, ಈ ಸಲ ಬೆರಳು ಜಾರದಂತೆ ಒತ್ತಿಹಿಡಿದು ಹೇಳಿದ: “ಯಾರೂ ಇಲ್ಲ. ಕಿಟಕಿ ಸರಳಿಗೆ ಸಿಕ್ಕಿಸ್ತೀನಿ.”

ಕಾದೆವು. ಕೆಳಗೆ ಬೀದಿಯಲ್ಲಿ ಯಾರೋ ಶಟರ್ ಎಳೆದರು.

“ನಾನು ಬಾಗಿಲ ಚಿಲಕಕ್ಕೆ,” ಎಂದು ಉತ್ತರ ಬಂತು.

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದ, ಕಣ್ಣನ್ನೂ ಒರೆಸಿಕೊಂಡ.

“ಒಬ್ಬರು ಕೊನೇವರೆಗೂ ಕೇಳಿದ್ದಾರೆ ಕಣೇ,” ಅಂದ.