ಎರಡು ಕೂದಲೆಳೆ ಜಾಗಕ್ಕಾಗಿ ಏಲೂರು, ತಿರುವನಂತಪುರ

ಕೇರಳದ ಏಲೂರಿಗೆ ಹೋಗುವವರು ಎರ್ನಾಕುಲಂ ತನಕ ಹೋಗಬೇಡಿ, ಆಲುವಾದಲ್ಲೇ ಇಳಿಯಿರಿ. ಒಂದು ಗಂಟೆ ಉಳಿಯುತ್ತದೆ, ಆಟೋದವನ ಜೊತೆಗಿನ ಜಗಳವೂ ಬೇಗ ಮುಗಿಯುತ್ತದೆ. ನಾನು ಇದನ್ನು ಕಲಿತದ್ದು ಮೂರನೇ ಪ್ರಯಾಣದಲ್ಲಿ. ಈ ಸಲ ಸೋಮವಾರ ಬೆಳಿಗ್ಗೆ ಮಂಗಳೂರಿನಲ್ಲಿ ರೈಲು ಹತ್ತಿ, ಹತ್ತು ಗಂಟೆ ಕಿಟಕಿಯ ಪಕ್ಕ ಬೆವರುತ್ತ ಕುಳಿತು, ಸಂಜೆ ಆಲುವಾದಲ್ಲಿ ಇಳಿದೆ. ಕೈಯಲ್ಲಿದ್ದದ್ದು ಒಂದು ಬಟ್ಟೆಯ ಚೀಲ, ಒಂದು ಮೈಕ್ರೋಮೀಟರ್ ಮತ್ತು ಹುಬ್ಬಳ್ಳಿಯಿಂದ ಕಟ್ಟಿಕೊಂಡು ಬಂದ ಎಂಟು ಜೋಳದ ರೊಟ್ಟಿ.

ಹುಬ್ಬಳ್ಳಿಯಲ್ಲಿ ನನ್ನದೊಂದು ಲೇತ್ ಶೆಡ್ಡು ಇದೆ. ಇನ್ನೊಬ್ಬರ ಶೆಡ್ಡಿನಲ್ಲಿ ಲೋಹದ ಚೂರು ಗುಡಿಸುತ್ತ ನೋಡಿ ಕಲಿತ ಕೆಲಸ. ಈಗ ಆರು ಲೇತು, ಹನ್ನೊಂದು ಜನ. ನಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಏಲೂರಿನ ಪಂಪು ಕಾರ್ಖಾನೆಯೊಂದರದ್ದು. ಪಂಪಿನ ಶಾಫ್ಟಿನ ಮೇಲೆ ಬಳೆಯ ಹಾಗೆ ಕೂರುವ ಕಂಚಿನ ಬುಷ್ಷುಗಳನ್ನು ಆರು ವರ್ಷದಿಂದ ಒಂದು ದೂರೂ ಇಲ್ಲದೆ ಕಳಿಸಿದ್ದೆವು. ಈ ಸಲ ಕಳಿಸಿದ ನೂರಿಪ್ಪತ್ತು ಬುಷ್ಷುಗಳಲ್ಲಿ ಒಂದೂ ಶಾಫ್ಟಿನ ಮೇಲೆ ಏರಲಿಲ್ಲ.

ಮಳೆಗಾಲದಲ್ಲಿ ಬೇರೊಂದು ಮಾಲು ಲಾರಿಯಲ್ಲಿ ನೆನೆದು ತುಕ್ಕು ಹಿಡಿದು ಈಗಾಗಲೇ ಒಮ್ಮೆ ವಾಪಸಾಗಿತ್ತು. ವರ್ಷದಲ್ಲಿ ಎರಡು ಸಲ ಮಾಲು ತಿರಸ್ಕಾರವಾದರೆ ಕಂಪನಿ ನಮಗೆ ಕೊಟ್ಟಿರುವ ಸಪ್ಲೈಯರ್ ನಂಬರು ತಾನಾಗಿಯೇ ಮುಚ್ಚಿಹೋಗುತ್ತದೆ. ಮನುಷ್ಯರು ಮುಚ್ಚುವುದಾದರೆ ಕೈಕಾಲು ಹಿಡಿಯಬಹುದು. ಇಲ್ಲಿ ಮುಚ್ಚುವುದು ಕಂಪ್ಯೂಟರು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ತಿಂಗಳ ಲೆಕ್ಕ ಮುಗಿಯುತ್ತದೆ, ಅಷ್ಟರೊಳಗೆ ಬುಷ್ಷುಗಳು ಪಾಸಾಗಬೇಕು ಎಂದು ಅಲ್ಲಿಂದ ಮೇಲ್ ಬಂದಿತ್ತು. ಆ ನಂಬರು ಹೋದರೆ ಹನ್ನೊಂದು ಜನರಲ್ಲಿ ಆರು ಜನರಿಗೆ ನಾನೇ ನಿಂತು ಹೇಳಬೇಕಾದ ಮಾತು ಏನೆಂದು ರೈಲಿನಲ್ಲಿ ಇಡೀ ದಿನ ಯೋಚಿಸಿದ್ದೆ.

ಮಂಗಳವಾರ ಬೆಳಿಗ್ಗೆ ಪುಟ್ಟು, ಕಡಲೆ ತಿಂದು ಕಾರ್ಖಾನೆಗೆ ಹೋದೆ. ಏಲೂರಿನ ಗಾಳಿಗೆ ಗೊಬ್ಬರದ, ಆಸಿಡ್ಡಿನ ವಾಸನೆ. ಹತ್ತು ನಿಮಿಷಕ್ಕೆ ಮೂಗು ಒಗ್ಗಿಕೊಳ್ಳುತ್ತದೆ, ಕಣ್ಣು ಒಗ್ಗುವುದಿಲ್ಲ. ಜೋಡಣೆ ವಿಭಾಗದ ಫೋರ್‌ಮನ್ ವರ್ಗೀಸ್ ಚೇಟ್ಟನ್, ಎಂದರೆ ವರ್ಗೀಸಣ್ಣ, ಬಾಗಿಲಲ್ಲೇ ಸಿಕ್ಕರು. ವಯಸ್ಸಿನಲ್ಲಿದ್ದಾಗ ಮುಂಬೈಯಲ್ಲಿ ದುಡಿದವರು, ನಮ್ಮಿಬ್ಬರದ್ದೂ ಹಿಂದಿಯಲ್ಲೇ ಮಾತು.

"ಏನು ಮೇಡಂ, ಆರು ವರ್ಷ ಸರಿಯಾಗಿ ಕೊಟ್ಟಿರಿ. ಈಗ ಲೇತಿಗೆ ವಯಸ್ಸಾಯಿತಾ?"

"ಲೇತಿಗಲ್ಲ ಚೇಟ್ಟಾ, ನನಗೆ ಬುದ್ಧಿ ಕಡಿಮೆಯಾಯಿತು. ನಿಮ್ಮ ಕಂಪನಿ ಹೇಳಿದ ಹಾಗೆ ಕೇಳಿದೆ."

ಕಂಪನಿ ಹೇಳಿದ್ದು ಇಷ್ಟು. ಅವರು ಹೋದ ವರ್ಷ ಪಿಎಲ್‌ಎಂ ಎಂಬ ಸಾಫ್ಟ್‌ವೇರ್ ತಂದರು. ಒಂದು ವಸ್ತು ನಕ್ಷೆಯಲ್ಲಿ ಹುಟ್ಟಿದಾಗಿನಿಂದ ಗುಜರಿಗೆ ಹೋಗುವ ತನಕದ ಜಾತಕವೆಲ್ಲ ಅದರೊಳಗೆ ಇರುತ್ತದಂತೆ. ಸಪ್ಲೈಯರುಗಳೆಲ್ಲ ಹಳೆಯ ಡ್ರಾಯಿಂಗುಗಳನ್ನು ವಾಪಸು ಕೊಟ್ಟು ಸಹಿ ಹಾಕಬೇಕು, ಇನ್ನು ಮುಂದೆ ಅವರ ವೆಬ್‌ಸೈಟಿನಿಂದ ಇಳಿಸಿಕೊಂಡ ಡ್ರಾಯಿಂಗಿನ ಪ್ರಕಾರವೇ ಕೆಲಸ ಮಾಡಬೇಕು ಎಂದು ಅಪ್ಪಣೆಯಾಯಿತು. ಕೊಟ್ಟೆ, ಸಹಿ ಹಾಕಿದೆ, ಇಳಿಸಿಕೊಂಡೆ. ನಮ್ಮ ಟರ್ನರ್ ಬಸಪ್ಪ ಅದರಲ್ಲಿದ್ದ ಅಳತೆಗೆ ಒಂದಿಷ್ಟೂ ತಪ್ಪದೆ ಬುಷ್ ತೆಗೆದ.

ವರ್ಗೀಸ್ ಚೇಟ್ಟನ್ ತಮ್ಮ ಕಬ್ಬಿಣದ ಕಪಾಟು ತೆರೆದು ಬಾಗಿಲ ಒಳಬದಿ ತೋರಿಸಿದರು. ಅಲ್ಲಿ ಎಣ್ಣೆಯ ಬೆರಳಚ್ಚು ಮೆತ್ತಿದ ಹಳೆಯ ಡ್ರಾಯಿಂಗು. ಬುಷ್ಷಿನ ಒಳತೂತಿನ ಅಳತೆಯ ಪಕ್ಕ ಪೆನ್ಸಿಲಿನಲ್ಲಿ "+0.15" ಎಂದು ಅವರದೇ ಅಕ್ಷರ. ಮಿಲಿಮೀಟರಿನ ಲೆಕ್ಕ ಅದು, ಸುಮಾರು ಎರಡು ಕೂದಲೆಳೆಯಷ್ಟು ದಪ್ಪ. ಶಾಫ್ಟಿಗೆ ಕ್ರೋಮ್ ಲೇಪ ಹಾಕಬೇಕೆಂದು ಡಿಸೈನಿನವರು ತೀರ್ಮಾನಿಸಿದಾಗ ಶಾಫ್ಟು ಅಷ್ಟು ದಪ್ಪವಾಯಿತು. ಬುಷ್ಷಿನ ಡ್ರಾಯಿಂಗನ್ನು ಯಾರೂ ತಿದ್ದಲಿಲ್ಲ. ಇವರು ಪೆನ್ಸಿಲಿನಿಂದ ತಿದ್ದಿ ನನಗೊಂದು ಜೆರಾಕ್ಸ್ ಕೊಟ್ಟಿದ್ದರು. ಆರು ವರ್ಷ ನಾವು ಬುಷ್ ತೆಗೆದದ್ದು ಅದನ್ನು ನೋಡಿಯೇ, ಸಹಿ ಹಾಕಿ ವಾಪಸು ಕೊಟ್ಟದ್ದೂ ಅದನ್ನೇ. ಸಾಫ್ಟ್‌ವೇರಿಗೆ ತುಂಬಿಸುವಾಗ ಗುತ್ತಿಗೆಯವರು ತಿರುವನಂತಪುರದ ಡಿಸೈನ್ ಆಫೀಸಿನಲ್ಲಿದ್ದ ಮೂಲಪ್ರತಿಯನ್ನು ಸ್ಕ್ಯಾನ್ ಮಾಡಿದರು. ಪೆನ್ಸಿಲು ಏಲೂರಿನ ಕಪಾಟಿನಲ್ಲೇ ಉಳಿಯಿತು.

"ಈ ಕಾಗದ ಕೊಡಿ ಚೇಟ್ಟಾ, ತಿರುವನಂತಪುರದಲ್ಲಿ ತೋರಿಸುತ್ತೇನೆ."

"ನೀವು ತೋರಿಸಿ ಊರಿಗೆ ಹೋಗುತ್ತೀರಿ. ಹಳೆಯ ಕಾಗದ ಇಟ್ಟುಕೊಂಡದ್ದಕ್ಕೆ ಬರುವ ಮೆಮೋ ನಾನು ತಿನ್ನಬೇಕಾ? ರಿಟೈರ್ ಆಗಲಿಕ್ಕೆ ಎಂಟು ತಿಂಗಳಿದೆ ಮೇಡಂ."

ನಾನು ಮತ್ತೆ ಕೇಳಲಿಲ್ಲ. ವ್ಯಾಪಾರದಲ್ಲಿರುವ ನನ್ನ ಓದುಗರಿಗೆ ಒಂದು ಮಾತು ಹೇಳುತ್ತೇನೆ: ನಿಮಗೆ ಉಪಕಾರ ಮಾಡಿದವನ ಕೊರಳಿಗೆ ಬರುವ ದಾಖಲೆಯನ್ನು ಎಂದೂ ಕೇಳಬೇಡಿ. ಅದೇ ಸತ್ಯವನ್ನು ಬೇರೆ ಕಡೆಯಿಂದ ತೆಗೆಯಿರಿ. ನಾನು ಮೂರು ಶಾಫ್ಟುಗಳನ್ನು ಅಳೆದು ಬರೆದುಕೊಂಡೆ. ಗುಜರಿಗೆ ಹಾಕಿದ್ದ ಶಾಫ್ಟಿನಿಂದ ಒಂದು ಗೇಣುದ್ದದ ತುಂಡನ್ನೂ ನನ್ನದೇ ಒಂದು ಬುಷ್ಷನ್ನೂ ಚೀಲಕ್ಕೆ ಹಾಕಿದೆ. ಆ ತುಂಡಿಗೆ ಗೇಟ್ ಪಾಸ್ ಪಡೆಯಲು ಮುಕ್ಕಾಲು ಗಂಟೆ ಹಿಡಿಯಿತು, ಏಕೆಂದರೆ ಗುಜರಿಯಾದ ವಸ್ತು ಹೊರಗೆ ಹೋಗಿ ಮತ್ತೆ ಬರುವುದಕ್ಕೆ ಸಾಫ್ಟ್‌ವೇರಿನಲ್ಲಿ ಜಾಗವಿಲ್ಲ.

ಮಧ್ಯಾಹ್ನದ ರೈಲು ಹಿಡಿದೆ. ಇನ್ನೂರಿಪ್ಪತ್ತು ಕಿಲೋಮೀಟರಿಗೆ ಐದು ಗಂಟೆ. ಕೊಲ್ಲಂ ಹತ್ತಿರ ಗುಡುಗು ಮಳೆ ಬಂದು ಎಲ್ಲರೂ ಶಟರ್ ಎಳೆದರು, ಡಬ್ಬಿಯೊಳಗೆ ಬೇಯುತ್ತ ತಿರುವನಂತಪುರ ಮುಟ್ಟಿದೆವು. ನಿಲ್ದಾಣದ ಎದುರಿನ ಲಾಡ್ಜಿನವನು ಕೀಲಿ ಕೊಡುತ್ತ ಹೇಳಿದ, "ಚೇಚಿ, ನಾಳೆ ಹರತಾಳ. ಊಟಕ್ಕೆ ಏನಾದರೂ ಈಗಲೇ ತಂದಿಟ್ಟುಕೊಳ್ಳಿ."

"ಯಾತಕ್ಕೆ ಹರತಾಳ?"

"ಅದು ನಾಡಿದ್ದಿನ ಪೇಪರಿನಲ್ಲಿ ಬರುತ್ತದೆ."

ಬುಧವಾರ ಇಡೀ ದಿನ ಆ ಕೋಣೆಯಲ್ಲಿ ಕುಳಿತೆ. ಕಿಟಕಿಯಿಂದ ಖಾಲಿ ರಸ್ತೆ, ಅದರ ಮೇಲೆ ಆರಾಮಾಗಿ ಮಲಗಿದ ನಾಯಿಗಳು. ರೊಟ್ಟಿ, ಶೇಂಗಾ ಚಟ್ನಿ ಹೊಟ್ಟೆ ಕಾಯಿತು. ಕೇರಳಕ್ಕೆ ಕೆಲಸದ ಮೇಲೆ ಹೋಗುವವರು ಲೆಕ್ಕಕ್ಕೆ ಒಂದು ದಿನ ಹೆಚ್ಚು ಹಿಡಿಯಿರಿ, ಬ್ಯಾಗಿನಲ್ಲಿ ಒಂದು ಹೊತ್ತಿನ ಬುತ್ತಿ ಹೆಚ್ಚು ಇಡಿ.

ಗುರುವಾರ ಹತ್ತಕ್ಕೆ ಡಿಸೈನ್ ಆಫೀಸಿನಲ್ಲಿದ್ದೆ. ನಾಲ್ಕನೇ ಮಹಡಿ, ಮೈ ಕೊರೆಯುವಷ್ಟು ಎ.ಸಿ. ಸಾಫ್ಟ್‌ವೇರ್ ನೋಡಿಕೊಳ್ಳುವ ಅಶ್ರಫ್ ಎಂಬ ಯುವಕ ನನ್ನ ಇಂಗ್ಲಿಷು ಎರಡು ವಾಕ್ಯ ಕೇಳಿ, "ಅಕ್ಕ, ಕನ್ನಡದಲ್ಲೇ ಹೇಳಿ. ನಾನು ಕಾಸರಗೋಡಿನವ, ಕನ್ನಡ ಮೀಡಿಯಂ" ಎಂದ. ನನಗೆ ಅರ್ಧ ಜೀವ ಬಂತು.

ಡಿಸೈನ್ ಮುಖ್ಯಸ್ಥರು ನಂಬಿಯಾರ್ ಸಾರ್. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಗೆ ಚಂದನ. ನಮ್ಮಿಬ್ಬರ ನಡುವೆ ಅಶ್ರಫನೇ ದುಭಾಷಿ. ನಾನು ಶಾಫ್ಟಿನ ತುಂಡನ್ನು ಅವರ ಮೇಜಿನ ಗಾಜಿನ ಮೇಲಿಟ್ಟು ಬುಷ್ ತೊಡಿಸಲು ಹೋದೆ. ಅದು ತುದಿಯಲ್ಲೇ ನಿಂತಿತು. ಅವರೂ ತೊಡಿಸಿ ನೋಡಿದರು, ಮೊದಲು ಒಂದು ಕೈಯಲ್ಲಿ, ಆಮೇಲೆ ಎರಡು ಕೈಯಲ್ಲಿ. ಅಶ್ರಫ್ ತೆರೆಯ ಮೇಲೆ ಎರಡೂ ಡ್ರಾಯಿಂಗುಗಳನ್ನು ಪಕ್ಕಪಕ್ಕ ತೆರೆದ. ಲೇಪ ಹಾಕಲು ಒಪ್ಪಿಗೆ ಕೊಟ್ಟವರ ಹೆಸರು ಶಾಫ್ಟಿನ ಡ್ರಾಯಿಂಗಿನ ಮೂಲೆಯಲ್ಲೇ ಇತ್ತು. ನಂಬಿಯಾರ್ ಸಾರ್ ಅಲ್ಲಿ ತಮ್ಮದೇ ಹೆಸರು ಓದಿದರು, ನಾವು ಓದಿದ್ದನ್ನೂ ನೋಡಿದರು.

ಡ್ರಾಯಿಂಗು ತಿದ್ದಲು ಕಾರಣ ಬೇಕು. ಕಾರಣವನ್ನು ಬರೆಯುವ ಹಾಗಿಲ್ಲ, ಪಟ್ಟಿಯಿಂದ ಆರಿಸಬೇಕು. ಡಿಸೈನ್ ದೋಷ, ಗ್ರಾಹಕರ ಬೇಡಿಕೆ, ವೆಚ್ಚ ಕಡಿತ, ಸಪ್ಲೈಯರ್ ಸಲಹೆ. ನಾಲ್ಕೇ.

"ಡಿಸೈನ್ ದೋಷ ಎಂದು ಒತ್ತುವುದಿಲ್ಲ" ಎಂದರು ನಂಬಿಯಾರ್ ಸಾರ್. "ಆರು ವರ್ಷ ಪಂಪುಗಳು ಓಡಿವೆ. ದೋಷ ಎಲ್ಲಿದೆ?"

ಓಡಿದ್ದು ಪೆನ್ಸಿಲಿನಿಂದ ಎಂದು ಬಾಯಿ ತನಕ ಬಂತು. ವರ್ಗೀಸ್ ಚೇಟ್ಟನ್ ನೆನಪಾಗಿ ನುಂಗಿಕೊಂಡೆ. ದೊಡ್ಡವರು ಸೋಲದೆ ಸಹಿ ಹಾಕುವ ದಾರಿಯೊಂದನ್ನು ನೀವೇ ತೆಗೆದಿಡಬೇಕು, ಚೌಕಾಸಿ ಎಂದರೆ ಇಷ್ಟೇ. "ನನ್ನ ಸಲಹೆ ಅಂತ ಒತ್ತಿರಿ ಸಾರ್" ಎಂದೆ. ಅವರ ಮುಖ ತಿಳಿಯಾಯಿತು, ನನಗೊಂದು ಚಹಾ ಹೇಳಿದರು, ಮೌಸಿನ ಮೇಲೆ ಕೈಯಿಟ್ಟರು.

ಅಶ್ರಫ್ ತೆರೆಯನ್ನೇ ನೋಡುತ್ತ ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳಿದ, "ಅಕ್ಕ, ಈಗ ಒತ್ತಿದ್ರೆ ಹೊಸ ಅಳತೆ ಜಾರಿಗೆ ಬರ್ತದೆ. ನಿಮ್ಮ ಬುಷ್ಷೆಲ್ಲ ಹಳೇ ಅಳತೆದ್ದು ಉಂಟಲ್ಲ, ಅದು ಅಧಿಕೃತವಾಗಿ ತಪ್ಪಾಗ್ತದೆ. ಮೊದಲು ಈಗ ಕಳಿಸಿದ ಮಾಲಿಗೆ ಪರ್ಮಿಷನ್ ತಗೊಳ್ಳಿ."

ಇದುವರೆಗೆ ಕಾಗದದ ಮೇಲೆ ಸರಿಯಿದ್ದವಳು ನಾನೊಬ್ಬಳೇ. ನಾನೇ ಮುಂದೆ ನಿಂತು ತಪ್ಪಾಗಲು ಹೊರಟಿದ್ದೆ. "ಸಾರ್, ಒಂದು ನಿಮಿಷ" ಎಂದು ಅವರ ಕೈ ತಡೆದೆ. ಮೊದಲು ಈ ನೂರಿಪ್ಪತ್ತನ್ನು ಕೊರೆದು ದೊಡ್ಡದು ಮಾಡಿ ಬಳಸಲು ಅನುಮತಿ, ಆಮೇಲೆ ಡ್ರಾಯಿಂಗು ಎಂದೆ. ಅನುಮತಿಗೂ ಕಾರಣದ ಪಟ್ಟಿ ಇತ್ತು. ಅವರು ಸೀದಾ "ಸಪ್ಲೈಯರ್ ತಪ್ಪು" ಎಂಬಲ್ಲಿಗೆ ಹೋದರು.

"ಆ ಒಂದಕ್ಕೆ ನಾನೂ ಒಪ್ಪುವುದಿಲ್ಲ ಸಾರ್. ನಿಮ್ಮ ದೋಷಕ್ಕೆ ನಾನು ಸಲಹೆ ಎಂಬ ಹೆಸರು ಕೊಟ್ಟೆ. ನನ್ನದಲ್ಲದ ತಪ್ಪಿಗೆ ನೀವೂ ಬೇರೆ ಹೆಸರು ಕೊಡಿ."

ಅಶ್ರಫ್ ಇದನ್ನು ಎಷ್ಟು ಮೆತ್ತಗೆ ಭಾಷಾಂತರಿಸಿದನೋ ತಿಳಿಯದು. ಪಟ್ಟಿಯಲ್ಲಿ "ತುರ್ತು ಅಗತ್ಯ" ಎಂದೂ ಇತ್ತು. ಏಲೂರಿಗೆ ಫೋನ್ ಹಚ್ಚಿಸಿದೆ. ಬುಷ್ ಇಲ್ಲದೆ ಹದಿನಾಲ್ಕು ಪಂಪು ನಿಂತಿವೆ ಎಂದು ವರ್ಗೀಸ್ ಚೇಟ್ಟನ್ ಸ್ಪೀಕರಿನಲ್ಲಿ ಕೂಗಿ ಹೇಳಿದರು. ತುರ್ತು ಅಗತ್ಯ ಎಂದು ಒತ್ತಲಾಯಿತು. ನಂಬಿಯಾರ್ ಸಾರ್ ಒತ್ತಬೇಕಾದ ಎರಡೂ ಮುಗಿದವು. ಇಡೀ ಸಾಫ್ಟ್‌ವೇರಿನಲ್ಲಿ ಎಲ್ಲಿ ಹುಡುಕಿದರೂ ಯಾರೂ ತಪ್ಪು ಮಾಡಿರಲಿಲ್ಲ.

ಆದರೆ ಅನುಮತಿಗೆ ಇನ್ನೂ ಮೂವರು ಒತ್ತಬೇಕಿತ್ತು. ಕೊನೆಯವರು ಕೊಚ್ಚಿಯ ಕ್ವಾಲಿಟಿ ಮುಖ್ಯಸ್ಥರು. ಕಸ್ಟಮ್ಸ್ ಕೆಲಸಕ್ಕೆ ಎರಡು ದಿನದಿಂದ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿದ್ದರು, ಅಲ್ಲಿ ಅವರಿಗೆ ಇಂಟರ್ನೆಟ್ ಇರಲಿಲ್ಲ. ಒತ್ತುವ ಮೊದಲು ಕೆಲಸ ಶುರುಮಾಡಿದರೆ ಅದೂ ನಿಯಮ ಮುರಿದ ಹಾಗೆ. ನಾನು ಶುರುಮಾಡಿದೆ. ರಾತ್ರಿಯ ರೈಲಿನಲ್ಲಿ ಏಲೂರಿಗೆ ವಾಪಸು ಬಂದು, ಶುಕ್ರವಾರ ಬೆಳಿಗ್ಗೆ ಬುಷ್ಷುಗಳನ್ನು ಬಿಡಿಸಿಕೊಂಡು ಕಾರ್ಖಾನೆಗೆ ಹತ್ತಿರದ ವರ್ಕ್‌ಶಾಪ್ ಒಂದರಲ್ಲಿ ಎರಡು ಲೇತನ್ನು ದಿನಬಾಡಿಗೆಗೆ ಹಿಡಿದೆ. ಮಾಲಕ ಕೇಳಿದ್ದರಲ್ಲಿ ಮೂರನೇ ಒಂದು ಭಾಗ ಇಳಿಸಿದ, ಅದೂ ನಾನೇ ಒಂದು ಲೇತಿಗೆ ನಿಲ್ಲುತ್ತೇನೆ ಎಂದ ಮೇಲೆ. ಸೀರೆಯ ಸೆರಗು ಬಿಗಿದು ನಿಂತವಳನ್ನು ನೋಡಲು ಅಕ್ಕಪಕ್ಕದ ಶೆಡ್ಡಿನವರೂ ಬಂದರು. ನಾಲ್ಕನೇ ಬುಷ್ ತೆಗೆಯುವ ಹೊತ್ತಿಗೆ ಎಲ್ಲರೂ ತಮ್ಮ ಕೆಲಸಕ್ಕೆ ಹೋದರು. ಸಂಜೆ ಐದಕ್ಕೆ ಅಶ್ರಫ್ ಫೋನ್ ಮಾಡಿದ, "ಅಕ್ಕ, ಅವರು ಸೈಬರ್ ಕೆಫೆಗೆ ಹೋಗಿ ಒತ್ತಿದ್ರು. ಇನ್ನು ಶುರು ಮಾಡ್ಲಿಕ್ಕೆ ಆಗ್ತದೆ." ಆಗ ತೊಂಬತ್ತು ಮುಗಿದಿದ್ದವು.

ಶನಿವಾರ ಹತ್ತೂವರೆಗೆ ವರ್ಗೀಸ್ ಚೇಟ್ಟನ್ ಒಂದೊಂದೇ ಬುಷ್ಷನ್ನು ಶಾಫ್ಟಿಗೆ ಏರಿಸಿ ನೋಡಿದರು. ಅಂಗೈಯಿಂದ ಒತ್ತಿದರೆ ಸರಕ್ಕನೆ ಕೂತವು. ಹನ್ನೊಂದು ಮುಕ್ಕಾಲಿಗೆ ತೆರೆಯ ಮೇಲೆ ನಮ್ಮ ಹೆಸರಿನ ಮುಂದೆ ಹಸಿರು ಬಂತು. ಅವರು ಕ್ಯಾಂಟೀನಿಗೆ ಕರೆದೊಯ್ದು ಕುಚ್ಚಲಕ್ಕಿ ಅನ್ನ, ಮಜ್ಜಿಗೆಹುಳಿ ಕೊಡಿಸಿದರು. "ಇನ್ನು ಮುಂದೆ ಡ್ರಾಯಿಂಗು ನೋಡಿ ಮಾಡುತ್ತೀರಾ ಮೇಡಂ, ನನ್ನನ್ನು ಕೇಳಿ ಮಾಡುತ್ತೀರಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆಲುವಾದಲ್ಲಿ ರೈಲು ಹತ್ತಿ ಕುಳಿತು, ಪೆರಿಯಾರ್ ಸೇತುವೆ ದಾಟುತ್ತಿರುವಾಗ ಬಸಪ್ಪನ ಫೋನು ಬಂತು. ನಂಬರು ಉಳಿಯಿತು ಎಂದೆ. ಅವನು ಹನುಮಪ್ಪನಿಗೆ ಕಾಯಿ ಒಡೆಸುವ ಮಾತಾಡಿ, ಆಮೇಲೆ ದನಿ ತಗ್ಗಿಸಿದ.

"ಅಕ್ಕಾರ, ಅದೇ ಕಂಪನೀದು ಇನ್ನೊಂದು ಆರ್ಡರ್ ಬಂದೈತ್ರೀ. ಫ್ಲ್ಯಾಂಜ್, ಎಂಬತ್ತು ಪೀಸು. ಡ್ರಾಯಿಂಗ್ ಇಳಿಸ್ಕೊಂಡೀನಿ. ಇದ್ರಾಗ ಇದ್ದಂಗ ಮಾಡೂಣೋ, ಕೂಡೂವಂಗ ಮಾಡೂಣೋ?"

ಕೆಳಗೆ ನದಿ ಅಗಲವಾಗಿತ್ತು, ಆಚೆ ಏಲೂರಿನ ಕಡೆ ಚಿಮಣಿಗಳ ಹೊಗೆ ಮೋಡದ ಜೊತೆ ಸೇರಿತ್ತು.

"ನಾ ಬರೂತನಕ ಮಷೀನ್ ಹಚ್ಚಬ್ಯಾಡ" ಎಂದೆ. ಆಮೇಲೆ ಚೀಲದಿಂದ ಟೈಂಟೇಬಲ್ ತೆಗೆದು, ಈ ರೈಲು ಮುಂದೆ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಆಲುವಾಕ್ಕೆ ವಾಪಸು ರೈಲು ಎಷ್ಟಕ್ಕೆ ಎಂದು ನೋಡತೊಡಗಿದೆ.