ಖಾಲಿ ಎಂದು ತೆಗೆದ ನಲವತ್ತು ಸೆಕೆಂಡು

ಜೂನ್ 14, ಭಾನುವಾರ, ಬೆಳಗ್ಗೆ ಆರೂ ಮುಕ್ಕಾಲು.

ಶಾಲೆಯಿಂದ ತಂದಿದ್ದ ಹೆಡ್‌ಫೋನನ್ನು ತೆಗೆದಾಗ ಕೆನ್ನೆಯ ಮೇಲೆ ಕಪ್ಪು ಚೂರುಗಳು ಅಂಟಿಕೊಂಡಿದ್ದವು. ಕಿವಿಗೆ ಒತ್ತುವ ಮೆತ್ತೆಯ ಮೇಲಿನ ರೆಕ್ಸಿನ್ ಹಳತಾದರೆ ಹೀಗೆ ಸಿಪ್ಪೆ ಸುಲಿಯುತ್ತದೆ. ನಾನು ಹರ್ತಿಯ ಶಾಲೆಯಲ್ಲಿ ಶಿಕ್ಷಕಿ, ನಾಲ್ಕನೇ ತರಗತಿಗೆ ಕಲಿಸುತ್ತೇನೆ. ನಾಳೆಯ ಪಾಠಕ್ಕೆ ಸ್ಲೈಡುಗಳನ್ನು ಜೋಡಿಸಿ, ಒಂದೊಂದಕ್ಕೂ ಸದ್ದು ಸೇರಿಸುತ್ತ ಕುಳಿತಿದ್ದೆ. ಶಾಲೆಯ ಕಂಪ್ಯೂಟರ್ ಹಳೆಯದು. ಫೈಲು ದೊಡ್ಡದಾದರೆ ನಡುವೆಯೇ ನಿಂತುಬಿಡುತ್ತದೆ. ಆದ್ದರಿಂದ ಸದ್ದುಗಳನ್ನು ಕುಗ್ಗಿಸಬೇಕು. ಕನ್ನಡಿಯಲ್ಲಿ ಆ ಚೂರುಗಳನ್ನು ಕಂಡ ಮೇಲೆ ಆ ಕೆಲಸ ಬಿಟ್ಟು ಪತ್ರಿಕೆಗೆ ಇದನ್ನು ಬರೆಯತೊಡಗಿದೆ.

ಸುಮಾರು ಹತ್ತು ವರ್ಷಗಳ ಹಿಂದೆ ಲಕ್ಷ್ಮೇಶ್ವರದಲ್ಲಿ ಕಿವಿಯ ಹತ್ತಿರ ಇಂಥ ಚೂರು ಅಂಟಿದವರನ್ನು ಕಂಡರೆ ಜನ, "ಏನಪಾ, ಚಾಚಾನ ಅಂಗಡಿಗೆ ಹೋಗಿದ್ದೇನು?" ಎಂದು ಕೇಳುತ್ತಿದ್ದರು. ಚಾಚಾ ಮೊದಲು ಕ್ಯಾಸೆಟ್ ತುಂಬಿ ಕೊಡುತ್ತಿದ್ದವರು. ಕ್ಯಾಸೆಟ್ ಹೋದ ಮೇಲೆ ಅದೇ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡರು. ಹುಟ್ಟುಹಬ್ಬ, ನಿಶ್ಚಿತಾರ್ಥ, ನಿವೃತ್ತಿ ಸಮಾರಂಭ, ಎಲ್ಲದಕ್ಕೂ ಆಗ ಪರದೆಯ ಮೇಲೆ ಫೋಟೋಗಳನ್ನು ಒಂದಾದ ಮೇಲೊಂದು ತೋರಿಸುವ ರೂಢಿ ಬಂದಿತ್ತು. ಫೋಟೋ ಜೋಡಿಸುವುದು ಸ್ಟುಡಿಯೋದವರ ಕೆಲಸ, ಇಲ್ಲವೇ ಮನೆಯಲ್ಲಿ ಓದಿದವರ ಕೆಲಸ. ಸದ್ದು ಮಾತ್ರ ಚಾಚಾರದು. ಮೊಬೈಲಿನಲ್ಲಿ ಹಿಡಿದ ದನಿ ಸ್ಲೈಡಿನಲ್ಲಿ ತೆರೆಯುವುದಿಲ್ಲ. ಅದನ್ನು ಬೇರೆ ನಮೂನೆಗೆ ಬದಲಿಸಬೇಕು, ಆಮೇಲೆ ಕುಗ್ಗಿಸಬೇಕು, ಹಿಂದು ಮುಂದಿನ ಖಾಲಿ ಜಾಗ ಕತ್ತರಿಸಬೇಕು.

"ಸದ್ದಂದ್ರ ಹತ್ತಿ ಇದ್ದಂಗ ಬೇಟಾ," ಎನ್ನುತ್ತಿದ್ದರು. "ಒತ್ತಿ ಅಂಡಿಗಿ ಕಟ್ಟಬೇಕು. ಇಲ್ಲಾಂದ್ರ ಗಾಡ್ಯಾಗ ಹಿಡಿಯೂದಿಲ್ಲ."

ಅವರು ಎಷ್ಟು ಒತ್ತುತ್ತಿದ್ದರೆಂದರೆ, ಸ್ಟುಡಿಯೋದವರು ಬಿಟ್‌ರೇಟ್ ಎಂಬ ಅಂಕಿಯನ್ನು ಅರವತ್ನಾಲ್ಕಕ್ಕೆ ನಿಲ್ಲಿಸುವ ಕಡೆ ಇವರು ಮೂವತ್ತೆರಡಕ್ಕೆ ಇಳಿಸುತ್ತಿದ್ದರು. ಈ ಅಂಕಿ ಕಡಿಮೆಯಾದಷ್ಟೂ ಫೈಲು ಸಣ್ಣದಾಗುತ್ತದೆ, ಸದ್ದಿನ ಸಣ್ಣ ಎಳೆಗಳೂ ಹೋಗುತ್ತವೆ. "ಏನೂ ಫರಕ ಗೊತ್ತಾಗೂದಿಲ್ಲ," ಎಂಬುದು ಅವರ ಮಾತು. ಆಗ ಯಾರೂ ಅದನ್ನು ಅನುಮಾನಿಸಲಿಲ್ಲ.

ಇನ್ನೊಂದು ರೂಢಿ ಇತ್ತು. ಗಿರಾಕಿ ಬಂದರೆ ಹೆಸರು ಕೇಳುತ್ತಿರಲಿಲ್ಲ, "ಯಾವೂರು?" ಎಂದು ಕೇಳುತ್ತಿದ್ದರು. ಕಂಪ್ಯೂಟರಿನಲ್ಲಿ ಆ ಊರಿನ ಹೆಸರೇ ಫೋಲ್ಡರಿನ ಹೆಸರು. ಶಿರಹಟ್ಟಿ ಒಂದು, ಶಿರಹಟ್ಟಿ ಎರಡು, ಮುಂಡರಗಿ, ಹೀಗೆ. ಒಂದೇ ಹೆಸರಿನವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ, ಊರಾದರೆ ಗೊಂದಲವಿಲ್ಲ ಎಂದು ಅವರ ಲೆಕ್ಕ...

ನಾನು ಆಗ ಗದಗಿಗೆ ದಿನಾ ಬಸ್ಸಿನಲ್ಲಿ ಹೋಗಿ ಶಿಕ್ಷಕರ ತರಬೇತಿ ಪಡೆಯುತ್ತಿದ್ದೆ. ಅಭ್ಯಾಸ ಪಾಠಕ್ಕೆಂದು ಐದು ಸದ್ದು ಹಿಡಿದಿದ್ದೆ: ಬೆಟಗೇರಿಯ ಮಗ್ಗ, ಹಿಟ್ಟಿನ ಗಿರಣಿ, ಕೋಳಿ, ಬಸ್ಸಿನ ಕಂಡಕ್ಟರು, ಸಂಜೆ ಹಿತ್ತಲಲ್ಲಿ ಕೂಗುವ ಜೀರುಂಡೆ. ಐದನ್ನೂ ಬದಲಿಸಿ ಕುಗ್ಗಿಸಿ ಕೊಡಿ ಎಂದು ಚಾಚಾರಿಗೆ ಕೊಟ್ಟೆ. ಮರುದಿನ ಹೋದಾಗ ನಾಲ್ಕು ಕೊಟ್ಟರು.

"ಐದನೇದು ಖಾಲಿ ಐತಿ ಬೇಟಾ. ತೆಗದೀನಿ."

"ಖಾಲಿ ಇಲ್ಲ ಚಾಚಾ. ಜೀರುಂಡಿ ಐತಿ ಅದರಾಗ."

"ನಾ ಎಲ್ಡ ಸರ್ತಿ ಕೇಳೀನಿ. ನಿನ್ನ ಮೊಬೈಲು ನಿದ್ದಿ ಹೊಡದೈತಿ," ಎಂದು ನಕ್ಕರು. ನಾನು ಮೂಲ ಫೈಲನ್ನು ಹಾಕಲು ಹೇಳಿದೆ. ಹಾಕಿದರು. ಅಂಗಡಿಯ ತುಂಬ ಜೀರುಂಡೆ ಕೂಗಿತು. ಚಾಚಾ ಪರದೆ ನೋಡುತ್ತ, "ನೋಡು, ಏನೈತಿ ಇಲ್ಲೆ?" ಎಂದರು. ಹೇಳುವ ಹೊತ್ತಿಗೇ ಅವರ ಕಣ್ಣು ಸದ್ದಿನ ಗೆರೆಯ ಮೇಲೆ ಬಿತ್ತು. ಖಾಲಿ ಇದ್ದರೆ ಆ ಗೆರೆ ಹಾಸಿದ ದಾರದಂತೆ ಮಟ್ಟಸ ಇರಬೇಕು. ಅದು ಉದ್ದಕ್ಕೂ ಹಲ್ಲುಹಲ್ಲಾಗಿ ಕುಣಿಯುತ್ತಿತ್ತು.

ಸ್ಪೀಕರಿನ ತಂತಿ ಬದಲಿಸಿದರು. ಹೆಡ್‌ಫೋನು ಹಾಕಿಕೊಂಡರು, ತೆಗೆದರು. ಕೊನೆಗೆ ಪಕ್ಕದ ದರ್ಜಿಯನ್ನು ಕರೆದರು.

"ಲೇ, ಇಲ್ಲೆ ಬಾ. ಏನರ ಕೇಳಸ್ತೈತೇನ?"

ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ. "ಅಬಾಬಾ! ಬಂದ್ ಮಾಡೋ ಮಾರಾಯಾ, ಕಿವ್ಯಾಗ ಹುಳ ಹೊಕ್ಕಂಗ ಆಗ್ತೈತಿ. ನೀ ಏನ್ ಕಿವುಡ ಏನು?"

ಅವನು ತಮಾಷೆಗೆ ಅಂದದ್ದು. ಚಾಚಾ ನಗಲಿಲ್ಲ. ಊಟದ ಡಬ್ಬಿ ತಂದು ಬಾಗಿಲಲ್ಲಿ ನಿಂತಿದ್ದ ಚಾಚಿಯೂ ನಗಲಿಲ್ಲ. ಆಕೆ ತನ್ನ ಕೈಯನ್ನು ಗಂಡನ ಬೆನ್ನ ಹಿಂದೆ ಎತ್ತಿ ಗಾಜಿನ ಬಳೆಗಳನ್ನು ಮೆಲ್ಲಗೆ ಅಲ್ಲಾಡಿಸಿದರು. ಚಾಚಾ ತಿರುಗಲಿಲ್ಲ.

"ಎಲ್ಡ ವರ್ಷ ಆತು," ಎಂದರು ಚಾಚಿ ನನ್ನನ್ನು ನೋಡಿ. "ಹಿಂದ ಬಂದು ನಿಂತ್ರ ಹೊಳ್ಳಿ ನೋಡೂದಿಲ್ಲ. ಮುದುಕಗ ನನ್ನ ಮ್ಯಾಲ ಸಿಟ್ಟು ಬಂದೈತಿ ಅಂತ ತಿಳದಿದ್ದೆ ನಾನು."

ಚಾಚಾ ಗದಗಿಗೆ ಹೋಗಿ ಕಿವಿ ತೋರಿಸಿ ಬಂದರು. ಮಾತು ಕೇಳುತ್ತದೆ, ಡೋಲು ಕೇಳುತ್ತದೆ, ಸಣ್ಣ ಚೂಪು ಸದ್ದು ಕೇಳುವುದಿಲ್ಲ. ವಯಸ್ಸಾದರೆ ಹೀಗೆ, ಹೋದದ್ದು ಬರುವುದಿಲ್ಲ ಎಂದು ಅಲ್ಲಿ ಹೇಳಿದ್ದರಂತೆ. ಅದನ್ನು ಅವರು ಹೇಳಿದ್ದು ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಬೇರೆ ಯಾರದೋ ಖಬರ ಹೇಳುವಂತೆ. ಆಮೇಲೆ, "ಹಂಗಾರ ಆ ಹೆಣ್ಮಗಳು ಖರೇನ ಹೇಳಿದ್ಲು," ಎಂದರು.

ಯಾವ ಹೆಣ್ಮಗಳು ಎಂದು ಕೇಳಿದೆ. ಹಿಂದಿನ ವರ್ಷ ಒಬ್ಬ ಹೆಂಗಸು ಮಗುವಿನ ಹುಟ್ಟುಹಬ್ಬಕ್ಕೆಂದು ಒಂದು ದನಿ ಮುದ್ರಿಕೆಯನ್ನು ಮೊಬೈಲಿನ ಕಾರ್ಡಿನಲ್ಲಿ ತಂದಿದ್ದಳು. ಮಗು "ಅವ್ವಾ" ಎನ್ನುವುದು ಕೊನೆಯಲ್ಲಿತ್ತು. ಅದಕ್ಕೆ ಮುಂಚಿನ ನಲವತ್ತು ಸೆಕೆಂಡಿನಲ್ಲಿ ಚಾಚಾರಿಗೆ ಏನೂ ಕೇಳಲಿಲ್ಲ. ಕತ್ತರಿಸಿ, ಉಳಿದದ್ದನ್ನು ಕುಗ್ಗಿಸಿ, ಕಾರ್ಡನ್ನು ಪೂರ್ತಿ ಖಾಲಿ ಮಾಡಿ ಅದರಲ್ಲಿ ಹಾಕಿ ಕೊಟ್ಟರು. ಕಾರ್ಡು ತೊಳೆದು ಕೊಡುವುದು ಅವರ ಅಂಗಡಿಯ ಸೌಜನ್ಯ. ವಾರದ ಮೇಲೆ ಆಕೆ ತಿರುಗಿ ಬಂದು, "ಮೊದ್ಲಿಗೆ ಇನ್ನೊಂದೀಟು ಇತ್ತಲ್ರಿ," ಎಂದಿದ್ದಳು. "ಖಾಲಿ ಇತ್ತವಾ, ಅದನ್ನ ತೊಗೊಂಡು ಏನ್ ಮಾಡ್ತಿ?" ಎಂದು ಇವರು ಅಂದಿದ್ದರು. ಆಕೆ ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದಿದ್ದಳು.

"ನಾ ಆಕೀಗೆ ಸುಳ್ಳಿ ಅಂದಂಗ ಆತು," ಎಂದರು ಚಾಚಾ.

ಚಾಚಾ ಯಾವುದನ್ನೂ ಪೂರ್ತಿ ಅಳಿಸುತ್ತಿರಲಿಲ್ಲ; ಗಿರಾಕಿಗಳ ಮೂಲ ಫೈಲುಗಳನ್ನೆಲ್ಲ ಒಂದು ಹಳೆಯ ಹಾರ್ಡ್‌ಡಿಸ್ಕಿಗೆ ದೂಡಿ ಇಡುತ್ತಿದ್ದರು. ಹುಡುಕಿದಾಗ ಅದು ಸಿಕ್ಕಿತು. ಫೋಲ್ಡರಿನ ಹೆಸರು ಹಿರೇವಡ್ಡಟ್ಟಿ. ಒಳಗೆ ಫೋಟೋ ಇಲ್ಲ, ಫೋನ್ ನಂಬರಿಲ್ಲ. ನಾನು ಹೆಡ್‌ಫೋನು ಹಾಕಿಕೊಂಡೆ, ಚಾಚಾ ನನ್ನ ಮುಖ ನೋಡುತ್ತ ಕುಳಿತರು.

"ಏನೈತಿ ಹೇಳು."

ಗೆಜ್ಜೆ ಇತ್ತು. ಆಗಷ್ಟೇ ನಡೆಯಲು ಕಲಿತ ಮಗುವಿನ ಕಾಲಿನದು. ನಾಲ್ಕು ಹೆಜ್ಜೆ, ನಿಂತದ್ದು, ಎರಡು ಹೆಜ್ಜೆ, ಬಿದ್ದದ್ದು, ಮತ್ತೆ ಎದ್ದದ್ದು, ಹೀಗೆಯೇ ಮುಂದೆ; ಒಟ್ಟು ಎಷ್ಟು ಸಲ ಬಿದ್ದಿತು ಎಂದು ಇಲ್ಲಿ ಬರೆಯುವುದಿಲ್ಲ. ಯಾರೂ ಮಾತಾಡುವುದಿಲ್ಲ, ತಾಯಿ ಉಸಿರು ಹಿಡಿದು ಕುಳಿತಿರಬೇಕು. ಕೊನೆಗೆ ಗೆಜ್ಜೆ ತೀರ ಹತ್ತಿರ ಬಂದು, ಅವ್ವಾ...

ನಾನು ಹೇಳಿದ್ದನ್ನು ಚಾಚಾ ಪೂರ್ತಿ ಕೇಳಿದರು. "ನಡದದ್ದನ್ನ ಕತ್ತರಿಸಿ ಮಾತಷ್ಟ ಕೊಟ್ಟೀನಿ," ಎಂದರು. ಮಗುವಿನ ಮೊದಲ ನಡಿಗೆ ಎರಡನೇ ಸಲ ಸಿಗುವಂಥದ್ದಲ್ಲ. ಕಾರ್ಡಿನಲ್ಲಿದ್ದದ್ದನ್ನು ಇವರೇ ಅಳಿಸಿದ್ದರು. ಉಳಿದದ್ದು ಇದೊಂದೇ ಪ್ರತಿ, ಅದರ ಒಡತಿ ಎಲ್ಲಿದ್ದಾಳೋ ಗೊತ್ತಿಲ್ಲ.

ಚಾಚಾ ಹಿರೇವಡ್ಡಟ್ಟಿಗೆ ಹೋದರು. ದೊಡ್ಡ ಊರು, ಎರಡು ದಿನ ಓಣಿ ಓಣಿ ತಿರುಗಿ, ಸಣ್ಣ ಮಕ್ಕಳಿದ್ದ ಮನೆಗಳಲ್ಲೆಲ್ಲ ವಿಚಾರಿಸಿ ಬಂದರು. ಯಾರೂ ಅಲ್ಲ. ಬಂದು ಕುಳಿತ ಮೇಲೆ ಚಾಚಿ ನೀರು ಕೊಡುತ್ತ ಹೇಳಿದರು:

"ಅಲ್ಲಾ, ಹಿರೇವಡ್ಡಟ್ಟಿ ಮಂದಿ ಬಾಜೂಕಿನ ಮುಂಡರಗಿ ಬಿಟ್ಟು ಲಕ್ಷ್ಮೇಶ್ವರಕ್ಕ ಯಾಕ ಬರ್ತಾರ? ಹೆಣ್ಮಕ್ಕಳನ್ನ ಯಾವೂರು ಅಂತ ಕೇಳಿದ್ರ ತವರೂರ ಹೇಳ್ತಾರ. ಇಷ್ಟೂ ಗೊತ್ತಿಲ್ಲ ನಿಮಗ. ಆಕಿ ಇಲ್ಲೇ ಎಲ್ಲೋ ಗಂಡನ ಮನೀಗೆ ನಡದ ಹೆಣ್ಮಗಳು."

ಚಾಚಾ ತಲೆಯ ಮೇಲೆ ಕೈ ಹೊತ್ತರು. ಅಷ್ಟು ವರ್ಷ ಕೇಳಿದ "ಯಾವೂರು" ಎಂಬ ಪ್ರಶ್ನೆಗೆ ಗಂಡಸರು ಇರುವ ಊರು ಹೇಳುತ್ತಿದ್ದರು, ಹೆಂಗಸರು ಬಿಟ್ಟು ಬಂದ ಊರು ಹೇಳುತ್ತಿದ್ದರು.

ಅಲ್ಲಿಂದ ಮುಂದೆ ಹುಡುಕಾಟ ಲಕ್ಷ್ಮೇಶ್ವರದ ಸುತ್ತ ನಡೆಯಿತು. ಗಂಡಸೊಬ್ಬನೇ ಹೋಗಿ ಸೊಸೆಯಂದಿರ ತವರು ಕೇಳಿದರೆ ಚೆನ್ನಾಗಿರುವುದಿಲ್ಲ ಎಂದು ಚಾಚಿಯನ್ನೋ ನನ್ನನ್ನೋ ಕರೆದುಕೊಂಡು ಹೋಗುತ್ತಿದ್ದರು. ನನ್ನ ದಿನಚರಿಯ ಪ್ರಕಾರ ಹನ್ನೊಂದು ಭಾನುವಾರ. ಬಾಳೆಹೊಸೂರಿನಲ್ಲಿ ಹಿರೇವಡ್ಡಟ್ಟಿಯ ಮಗಳು ಒಬ್ಬಳು ಸಿಕ್ಕಳು. ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು.

"ನಾ ಅಲ್ರೀ ಯಪ್ಪಾ," ಎಂದು ನಕ್ಕಳು. "ನನ್ನ ಮಗಾ ಕಾಲೇಜಿಗೆ ಹೋಗ್ತಾನ. ಅವಗ ಈಗ ಗೆಜ್ಜಿ ಕಟ್ಟಾಕ ಆಕ್ಕೈತೇನು? ಕುಂಡ್ರಿ, ಚಾ ಕುಡದು ಹೋಗ್ರಿ." ಚಹಾ ತಂದಿಟ್ಟು, ಅದನ್ನು ಒಮ್ಮೆ ಕೇಳಿಸಿ ಎಂದಳು. ಕೇಳಿದಳು. ಲೋಟ ತೆಗೆದುಕೊಂಡು ಒಳಗೆ ಹೋಗುವಾಗ, "ಆಕೀಗೆ ಮುಟ್ಟಸ್ರಿ ಮತ್ತ," ಎಂದಳು.

ಅಂಗಡಿಯಲ್ಲಿ ಆಮೇಲೆ ಚಾಚಾ ಗಿರಾಕಿಯ ತಲೆಗೇ ತಮ್ಮ ಸಿಪ್ಪೆ ಸುಲಿದ ಹೆಡ್‌ಫೋನು ಹಾಕಿ, "ನಿಮ್ಮ ಕಿವೀಲೆ ಕೇಳಿ ಹೂಂ ಅನ್ರಿ, ಆಮ್ಯಾಲೆ ಒಯ್ರಿ," ಎನ್ನುತ್ತಿದ್ದರು. ಕಿವಿಗೆ ಕೇಳದ ಚಾಚಾ ಎಂಬ ಮಾತು ಹಬ್ಬಿತು. ಗಿರಾಕಿ ಕಡಿಮೆಯಾದರು. ನಾನು ಹೋದಾಗಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ: "ಗದಗ ಬಸ್ಸಿನ್ಯಾಗ ಹೆಣ್ಮಕ್ಕಳನ್ನ ಮಾತಾಡಸ್ತಿಯಲ್ಲ? ಹಿರೇವಡ್ಡಟ್ಟಿ ತವರು ಅಂತ ಯಾರರ ಅಂದ್ರೇನು?"

ನನಗೆ ನೌಕರಿಯಾಗಿ ಊರು ಬಿಟ್ಟ ಮೇಲೆ ಒಂದು ಮಳೆಗಾಲದಲ್ಲಿ ಚಾಚಾ ತೀರಿಕೊಂಡರು. ಸುದ್ದಿ ನನಗೆ ನಾಲ್ಕು ದಿನ ತಡವಾಗಿ ತಿಳಿಯಿತು. ಅವರ ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಚಾಚಿ ಮಗಳ ಮನೆಗೆ ಹೋಗುವ ಮುಂಚೆ ಹಾರ್ಡ್‌ಡಿಸ್ಕನ್ನು ನನಗೆ ಕೊಟ್ಟರು. ಅದರಲ್ಲಿ ಈಗ ನಾನು ತೆರೆಯುವುದು ಆ ಒಂದು ಫೋಲ್ಡರನ್ನು ಮಾತ್ರ, ಅದೂ ವರ್ಷಕ್ಕೊಮ್ಮೆ, ಕೆಟ್ಟಿಲ್ಲ ತಾನೇ ಎಂದು ನೋಡಲು.

ಆ ಮಗು ಈಗ ನನ್ನ ತರಗತಿಯ ಮಕ್ಕಳಿಗಿಂತ ಸ್ವಲ್ಪ ದೊಡ್ಡದಿರಬೇಕು. ತಾಯಿಯ ತವರು ಹಿರೇವಡ್ಡಟ್ಟಿ. ಗಂಡನ ಮನೆ ಲಕ್ಷ್ಮೇಶ್ವರದ ಸುತ್ತಮುತ್ತ ಎಂಬುದು ಚಾಚಿಯ ಊಹೆ. ಇವರು ಯಾರೆಂದು ಬಲ್ಲವರು ಇದನ್ನು ಓದಿದರೆ ಈ ಪತ್ರಿಕೆಯ ಮೂಲಕ ನನಗೆ ಎರಡು ಸಾಲು ಬರೆಯಿರಿ. ಆ ತಾಯಿಯೇ ಓದುತ್ತಿದ್ದರೆ, ಅವ್ವಾ ಎನ್ನುವ ಮುಂಚೆ ಮಗು ಎಷ್ಟು ಸಲ ಬಿದ್ದಿತ್ತು ಎಂದು ಬರೆದರೆ ಸಾಕು, ಬೇರೆ ಗುರುತು ಕೇಳುವುದಿಲ್ಲ. ಅದನ್ನು ನಾನು ಕುಗ್ಗಿಸಿಲ್ಲ, ಕತ್ತರಿಸಿಲ್ಲ. ನೀವು ಅಂದದ್ದು ಖರೆ ಇತ್ತು ಎಂದು ಹೇಳಬೇಕಾದವರು ಮಾತ್ರ ಈಗಿಲ್ಲ.